ಓಟು ನೋಡಲು ಬಂದ ಪಾದ್ರಿ

ಮೂವತ್ತರ ದಶಕದಲ್ಲಿ ನಾನು ಶಿರಿಯದ ಹತ್ತಿರ ಪಂಚಾಯತು ಗುಮಾಸ್ತನಾಗಿದ್ದೆ. ಚುನಾವಣೆಯ ದಿನ ಇಟಲಿಯ ಪಾದ್ರಿಯೊಬ್ಬರು ಬಂದು ಓಟಿನ ಸಾಲಿನ ಪಕ್ಕ ಸುಮ್ಮನೆ ನಿಂತರು.

"ನಿಮಗೆ ಇಲ್ಲಿ ಓಟಿಲ್ಲ ಫಾದರ್," ಎಂದೆ ಸಂಕೋಚದಿಂದ.

"ಗೊತ್ತುಂಟು. ನೋಡಲಿಕ್ಕೆ ಬಂದದ್ದು."

ಅವರ ಊರಿನಲ್ಲೂ ಹಿಂದೆ ಜನ ಸದಸ್ಯರನ್ನು ಆರಿಸುತ್ತಿದ್ದರಂತೆ, ಸದಸ್ಯರು ಅಧ್ಯಕ್ಷನನ್ನು. ಹಾಗೆ ಅಧ್ಯಕ್ಷರಾದವರು ಇವರ ಅಣ್ಣ. ಆಮೇಲೆ ಅಲ್ಲಿಯ ಸರಕಾರ ಆ ಸದಸ್ಯರ ಸಭೆಯನ್ನೇ ತೆಗೆದುಹಾಕಿತು. ಈಗ ಸರಕಾರ ನೇಮಿಸಿದ ಒಬ್ಬನದೇ ಆಡಳಿತ.

"ಅಣ್ಣ ಈಗ ಎಂತ ಮಾಡ್ತಾರೆ?"

"ಮನೆಯಲ್ಲೇ ಇದ್ದಾನೆ. ಅವನ ಕಾಗದವನ್ನು ಸರಕಾರದವರು ಒಡೆದು ಓದುತ್ತಾರೆ. ಹಾಗಾಗಿ ಹವೆಯ ವಿಷಯ ಮಾತ್ರ ಬರೆಯುತ್ತಾನೆ."

ನಾನು ಒಳಗಿನಿಂದ ಬೆಂಚು ತಂದು ಹಾಕಿದೆ. ಪಾದ್ರಿಗಳು ಕೊನೆಯ ಓಟು ಬೀಳುವವರೆಗೂ ಕೂತಿದ್ದರು.

ಓಟಿದ್ದ ನಮ್ಮವರಲ್ಲಿ ಅರ್ಧ ಮಂದಿ ಬರಲೇ ಇಲ್ಲ. ಆ ದಿನ ಕಡಲಲ್ಲಿ ಬಂಗುಡೆ ಮೀನು ಬಹಳ ಸಿಕ್ಕಿತ್ತು.