ಎಲ್ ಬೋರ್ಡಿನ ವ್ಯಾನಿನಲ್ಲಿ ಬೈಲಹೊಂಗಲಕ್ಕೆ

ಡ್ರೈವಿಂಗ್ ಪರೀಕ್ಷೆಗೆಂದು ರಾಮದುರ್ಗದಿಂದ ನಸುಕಿನಲ್ಲಿ ಹೊರಟಾಗ ವ್ಯಾನಿನಲ್ಲಿ ಇದ್ದವರು ಇಬ್ಬರೇ: ಸ್ಟಿಯರಿಂಗ್ ಹಿಡಿದ ನಾನು, ಪಕ್ಕದಲ್ಲಿ ನನ್ನ ಮಾವನವರು. ಸೊಸೆಯಾಗಿ ಬಂದಾಗಿನಿಂದ ಅವರೆದುರು ನಾನು ಒಮ್ಮೆಯೂ ಕುಳಿತವಳಲ್ಲ. ಮಾತೇನಿದ್ದರೂ ಅಡುಗೆಮನೆಯ ಬಾಗಿಲ ಮರೆಯಿಂದ. ಆದರೆ ಕಲಿಯುವವರ ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಕೂಡಲೇಬೇಕೆಂಬುದು ಸರ್ಕಾರದ ಕಾಯ್ದೆ. ನನಗೆ ಓಡಿಸಲು ಕಲಿಸಿದ ನಮ್ಮ ಯಜಮಾನರು ನೌಕರಿಯ ಮೇಲೆ ವಿಜಾಪುರದಲ್ಲಿದ್ದರು. ಮನೆಯಲ್ಲಿ ಲೈಸೆನ್ಸ್ ಉಳಿದದ್ದು ಹಿಂದೆ ಜೀಪು ಓಡಿಸುತ್ತಿದ್ದ ಮಾವನವರ ಹತ್ತಿರ ಮಾತ್ರ.

ಹಿಂದಿನ ದಿನವೇ ಅವರು ಅತ್ತೆಯವರ ಕೈಲಿ ಹೇಳಿಸಿದ್ದರು: "ಪಾಸಾದ್ರ ಕೀಲಿ ಆಕಿಗೇ. ನಪಾಸಾದ್ರ ವ್ಯಾನ್ ಮಾರೂದ." ನಾನು ಕಲಿಸುವ ಶಾಲೆ ಇದ್ದ ಹಳ್ಳಿಗೆ ಬೆಳಿಗ್ಗೆ ಒಂದೇ ಬಸ್ಸು, ಅದೂ ಮನಸ್ಸು ಬಂದ ದಿನ. ಆ ಕೀಲಿಗಾಗಿ ನನ್ನ ಜೀವ ತಹತಹಿಸುತ್ತಿತ್ತು.

ಚಳಿ ಕಚ್ಚುತ್ತಿತ್ತು. ಮಾವನವರು ನನ್ನ ಕಡೆ ನೋಡದೆ ಮುಂದಿನ ಗಾಜಿಗೆ ಹೇಳುತ್ತಿದ್ದರು: "ಎತ್ತಿನ ಗಾಡಿ ಐತಿ." ತುಸು ತಡೆದು, "ಗೇರ್ ಇಳಸಬೇಕು." ಗಾಜೇನು ಗೇರ್ ಇಳಿಸೀತೇ? ನಾನೇ ಇಳಿಸಿದೆ.

ಸವದತ್ತಿ ದಾಟಿ ಮುನವಳ್ಳಿಯ ಹಾದಿ ಹಿಡಿದಾಗ ಬಿಸಿಲೇರಿತ್ತು. ಒಂದು ಕಡೆ ರೈತರು ಡಾಂಬರಿನ ತುಂಬ ಒಣಗಿದ ಹುರುಳಿಯ ಬಳ್ಳಿ ಹರಡಿದ್ದರು. ನಾನು ಬದಿಗೆ ಸರಿಯಲು ನೋಡಿದೆ. ಕಸಬರಿಗೆ ಹಿಡಿದ ಮುದುಕಿಯೊಬ್ಬಳು ಅಡ್ಡ ಬಂದಳು.

"ಯಾಕವಾ, ಬಾಜೂಕ ಹೊಂಟಿ? ಮ್ಯಾಲ ಹಾಯಿಸು!"

ಹಾಯಿಸಿದೆ. "ಹಿಂದಕ ಬಾ, ಇನ್ನೊಮ್ಮಿ!" ಎಂದಳು. ರಿವರ್ಸ್ ನನಗೆ ಒಮ್ಮೆಯೂ ನೆಟ್ಟಗೆ ಬಂದಿರಲಿಲ್ಲ. ಆದರೆ ಮುದುಕಿ ಬಿಡಬೇಕಲ್ಲ! ಅವಳ ಕಾಳೆಲ್ಲ ಉದುರುವ ತನಕ ಹಿಂದೆ ಮುಂದೆ ಓಡಿಸಿದ್ದೇ ಓಡಿಸಿದ್ದು. ಮಾವನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಗುವುದನ್ನು ನಾನು ಕಂಡದ್ದು ಅಂದೇ. ನನಗೆ ಬಹಳ ಖುಷಿಯಾಯಿತು.

ಬೈಲಹೊಂಗಲದ ಆರ್‌ಟಿಓ ಮೈದಾನದಲ್ಲಿ ಇನ್ಸ್‌ಪೆಕ್ಟರು ಎರಡು ಕಂಬ ತೋರಿಸಿ, "ನಡುವ ಹಿಂದಕ ತಗೋರಿ," ಎಂದರು. ಹುರುಳಿ ನೆನೆಸಿಕೊಂಡು ತೆಗೆದೆ. ಕಂಬಗಳು ನಿಂತಲ್ಲೇ ಇದ್ದವು. "ಪಾಸ್. ಫೋಟೋಕ್ಕ ನಡೀರಿ."

ಒಳಗೆ ಹೊಸದಾಗಿ ಬಂದ ಕಂಪ್ಯೂಟರು, ಅದಕ್ಕೊಂದು ಕ್ಯಾಮೆರಾ. ಅದರ ಮುಂದಿದ್ದ ಹುಡುಗಿ, "ತಲಿ ಮ್ಯಾಲಿನ ಸೆರಗು ತೆಗೀರಿ ಅಕ್ಕಾರ, ಕಿವಿ ಕಾಣಬೇಕು," ಎಂದಳು. ನಾನು ಮಾವನವರತ್ತ ನೋಡಿದೆ. ಅವರು ಗೋಡೆಯ ಕಡೆ ತಿರುಗಿ, ಅಲ್ಲಿ ಅಂಟಿಸಿದ್ದ ರಸ್ತೆ ನಿಯಮಗಳನ್ನು ಬಲು ಶ್ರದ್ಧೆಯಿಂದ ಓದತೊಡಗಿದರು.

ಮಧ್ಯಾಹ್ನಕ್ಕೆ ಲೈಸೆನ್ಸ್ ಕೈಗೆ ಬಂತು. ಕೆಂಪು ಎಲ್ ಕಿತ್ತು ಹಾಕಿ, ಹಿಂದಿನ ಬಾಗಿಲು ತೆರೆದು ನಿಂತೆ.

"ಇನ್ನ ಕಾಯ್ದೆ ಇಲ್ರಿ, ಮಾವಾರ. ಹಿಂದ ಆರಾಮ ಕುಂದರ್ರಿ."

ಅವರು ಆ ಬಾಗಿಲು ಮುಚ್ಚಿ ಮುಂದೆ ಹತ್ತಿ ಕುಳಿತರು. ನನ್ನ ಮುಖವನ್ನೇ ನೋಡಿ, "ಕಿತ್ತೂರ ಕಡೆ ನಾಕ ಲೈನಿನ ರಸ್ತಾ ಆಗೇತಂತ. ನೋಡಿ ಬರೂಣು ನಡಿ, ತಂಗಿ. ಹಿಂದ ಕುಂತ್ರ ಏನ ಕಾಣತೈತಿ?" ಎಂದರು.

ಕಿತ್ತೂರಿನ ಹತ್ತಿರ ಆ ರಸ್ತೆಗೆ ಏರಿದೆವು. ಹೋಗುವವರದೇ ಒಂದು ದಾರಿ, ಬರುವವರದೇ ಒಂದು. "ಎದುರಿಗೆ ಯಾರೂ ಬರಂಗಿಲ್ಲ, ಒತ್ತವಾ!" ಎಂದರು ಮಾವನವರು. ಒತ್ತಿದೆ. ತಲೆಯ ಸೆರಗು ಗಾಳಿಗೆ ಜಾರಿತು. ಇಬ್ಬರೂ ಅದರ ಗೊಡವೆಗೆ ಹೋಗಲಿಲ್ಲ.

ಮನೆ ಮುಟ್ಟಿದಾಗ ಹೊತ್ತು ಮುಳುಗಿತ್ತು. ಕೀಲಿಯನ್ನು ಅವರ ಮುಂದೆ ಹಿಡಿದೆ.

"ನನಗ್ಯಾಕ? ನಾಳೆ ಸಾಲಿಗೆ ಯಾವುದ್ರಾಗ ಹೋಗಾಕಿ?" ಎಂದು ಮಾವನವರು ಒಳಗೆ ನಡೆದರು.