ಮಾಳಗಿ ಮುಚ್ಚಿದವರು ಯಾರು

ನರ್ಸಮ್ಮನ ಬಲಗೈ ತೋರುಬೆರಳು ಪುಟದ ಮೇಲೆ ಒಂದು ಕಡೆ ನಿಂತಿತೆಂದರೆ, ಬಿಸಿಲು ಅಂಗಳ ದಾಟಿ ಅವರ ಪಾದಕ್ಕೆ ಬರುವವರೆಗೂ ಅಲ್ಲಿಂದ ಕದಲುತ್ತಿರಲಿಲ್ಲ. ಬೀದರಿನ ದವಾಖಾನೆಯಲ್ಲಿ ಜೀವಮಾನವೆಲ್ಲ ಮಂದಿಯ ನಾಡಿ ಹಿಡಿದ ಬೆರಳು. ಸತ್ಯವೇದದ, ಅಂದರೆ ಬೈಬಲಿನ, ಸಾಲನ್ನೂ ಹಾಗೇ, ನಾಡಿ ನೋಡಿದಂತೆ, ಹಗುರಾಗಿ ಒತ್ತಿ ಹಿಡಿಯುತ್ತಿದ್ದರು. ಕಣ್ಣು ಮುಚ್ಚಿರುತ್ತಿತ್ತು. ತುಟಿ ಮಾತ್ರ, ಎಳೆಗೂಸು ಕನಸಿನಲ್ಲಿ ಹಾಲು ಕುಡಿದಂತೆ ಅಲುಗುತ್ತಿತ್ತು.

ನಾನು ಗೌಂಡಿ. ಆರನೇ ಇಯತ್ತೆಗೇ ಸಾಲಿ ಬಿಟ್ಟು ಕರಣಿ ಹಿಡಿದವನು. ಭಾಲ್ಕಿಯಿಂದ ಔರಾದದವರೆಗೆ ನಾನು ಕಟ್ಟಿದ ಗೋಡೆಗೆ ಯಾರು ಬೇಕಾದರೂ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು ನೋಡಲಿ, ಒಂದೂ ವಾಲಿಲ್ಲ. ನರ್ಸಮ್ಮ ನೌಕರಿ ಮುಗಿಸಿ ಭಾಲ್ಕಿಯ ನಮ್ಮ ಓಣಿಗೆ ಬಂದರು. ಸೊಸೆಯ ಜೊತೆ ಮಣ್ಣಿನ ಮಾಳಗಿಯ ಮನೆಯಲ್ಲಿದ್ದರು. ತೊಲೆಯ ಮೇಲೆ ಹಲಗೆ ಹಾಸಿ, ಮಣ್ಣು ತುಳಿದು ಮಾಡಿದ ಚಪ್ಪಟೆ ಸೂರು ಅದು. ಪ್ರತಿ ಮಳೆಗಾಲದ ಮುಂಚೆ ಹೊಸ ಮಣ್ಣು ಬೇಡುತ್ತದೆ. ಆ ಕೆಲಸ ನನ್ನದು.

ಅವರ ಮನೆಯಲ್ಲಿ ಒಂದು ಪದ್ಧತಿ. ಬೆಳಗಿನ ಧ್ಯಾನ ಮುಗಿಯುವವರೆಗೆ ಯಾರೂ ಮೇಲೆ ಹತ್ತುವಂತಿಲ್ಲ. ನಾನೂ ಚರ್ಚಿನ ಸಭೆಗೆ ಹೋಗುವವನೇ, ಆದರೆ ಕೊನೆಯ ಬೆಂಚು, ಅದೂ ಹಬ್ಬಕ್ಕೆ. ಸೀತಾಫಲದ ಗಿಡದ ಕೆಳಗೆ ಕೂತು ಚಡಪಡಿಸುತ್ತಿದ್ದೆ. ಒಂದು ದಿನ ನರ್ಸಮ್ಮ ಕಣ್ಣು ಮುಚ್ಚಿಕೊಂಡೇ ಅಂದರು:

“ಗೌಂಡಿ, ಉಗುರು ಕಡೀಬ್ಯಾಡ. ನಾ ಓದ್ತೇನಿ, ನೀ ಕಣ್ಣು ಮುಚ್ಚು. ಕಥಿಯೊಳಗಿನ ಮನ್ಯಾಗ ಹೊಕ್ಕು ನೋಡು. ಎಲ್ಲಿ ನಿಂತೀದಿ ಅಂತ ಹೇಳು.”

ಓದಿದರು. ಒಂದು ಮನೆ. ಒಳಗೆ ಯೇಸುಸ್ವಾಮಿ ಮಾತಾಡುತ್ತಿದ್ದಾನೆ, ಬಾಗಿಲಾಚೆಯವರೆಗೂ ಮಂದಿ. ಕೈಕಾಲು ಬಿದ್ದುಹೋದ ಒಬ್ಬನನ್ನು ನಾಲ್ವರು ಹಾಸಿಗೆ ಸಮೇತ ಹೊತ್ತು ತರುತ್ತಾರೆ. ಒಳಗೆ ಹೋಗಲು ದಾರಿಯಿಲ್ಲ. ಮಾಳಗಿ ಹತ್ತಿ, ಅದನ್ನೇ ಅಗೆದು, ಹಾಸಿಗೆಯನ್ನು ಸ್ವಾಮಿಯ ಮುಂದೆ ಇಳಿಬಿಡುತ್ತಾರೆ. ಮಲಗಿದವನು ಎದ್ದು ನಡೆದು ಹೋಗುತ್ತಾನೆ.

“ಎಲ್ಲಿ ನಿಂತೀದಿ?”

“ಮಾಳಗಿ ಮ್ಯಾಲ್ರಿ. ತೊಲಿ ಗಟ್ಟಿ ಅದಾವೋ ಇಲ್ಲೋ ನೋಡಕತ್ತೀನಿ. ಎಲ್ಲಾರೂ ಹೋದ ಮ್ಯಾಲ ಇದನ್ನ ಮುಚ್ಚಿದೋರು ಯಾರ್ರಿ? ಅದು ಬರದಿಲ್ಲೇನು?”

“ಬರದಿಲ್ಲೋ.”

“ಹಂಗಾರ ಬರದೋರು ಗೌಂಡಿ ಅಲ್ಲ ಬಿಡ್ರಿ.”

ನರ್ಸಮ್ಮ ನಕ್ಕ ನಗುವಿಗೆ ಕೈಯಲ್ಲಿದ್ದ ಕಪ್ಪಿನ ಚಹಾ ಸೀರೆ ಮೇಲೆ ಚೆಲ್ಲಿತು. “ಮುಚ್ಚಿದೋರನ್ನ ನೀನೇ ಹುಡುಕು” ಅಂದರು.

“ನೀವೆಲ್ಲಿ ನಿಂತೀರಿ?”

“ಅದು ನನ್ನ ಗುಟ್ಟು. ಹತ್ತು ಮ್ಯಾಲ, ಬಿಸಿಲಾತು.”

ಆಮೇಲೆ ಮಾಳಗಿಯ ಕೆಲಸ ಇಲ್ಲದಾಗಲೂ, ಬೆಳಿಗ್ಗೆ ಸೈಟಿಗೆ ಹೋಗುವ ಮುಂಚೆ ಅಲ್ಲಿ ಕೂತು ಹೋಗುವ ರೂಢಿಯಾಯಿತು. ಅದೇ ಕಥೆ. ಬೇರೆ ಓದಿರೆಂದರೆ, “ಎಮ್ಮಿ ಎಷ್ಟು ಹೊತ್ತು ಮೆಲಕ ಹಾಕ್ತದ ನೋಡಿಯಿಲ್ಲೋ? ನಿನಗ್ಯಾಕ ಅವಸರ?” ಅನ್ನುವರು. ಕಣ್ಣು ಮುಚ್ಚಿದರೆ ಆ ಊರು ತಾನಾಗಿ ಬರುತ್ತಿತ್ತು. ಅಲ್ಲಿಯ ಮಣ್ಣೂ ಬೀದರಿನ ಮಣ್ಣಿನಂತೆ ಕೆಂಪು. ದೂರದಲ್ಲಿ ಯಾರೋ ರೊಟ್ಟಿ ಬಡಿಯುವ ಸಪ್ಪಳ. ನನ್ನ ಕಾಲ ಕೆಳಗೆ, ಬಾವಿಯೊಳಗಿಂದ ಬಂದಂತೆ, ಸ್ವಾಮಿಯ ದನಿ. ಮಾತು ತಿಳಿಯುತ್ತಿರಲಿಲ್ಲ, ಕೇಳುತ್ತ ಇರಬೇಕೆನಿಸುತ್ತಿತ್ತು.

ಒಂದು ವರ್ಷ ಔರಾದದಲ್ಲಿ ಸ್ಲ್ಯಾಬಿಗೆ ಕಟ್ಟಿದ ಸೆಂಟ್ರಿಂಗ್ ಹಲಗೆಯ ಮೇಲಿಂದ ಬಿದ್ದೆ. ಏನೂ ಆಗಿಲ್ಲವೆಂದು ಮೈ ಕೊಡವಿಕೊಂಡು ಬಸ್ಸು ಹತ್ತಿದೆ. ಮರುದಿನ ಬೆಳಿಗ್ಗೆ ಕಾಲು ಏಳಲಿಲ್ಲ. ಬೀದರಿಗೆ ಒಯ್ಯಬೇಕು, ನಮ್ಮ ಓಣಿಯೊಳಗೆ ಗಾಡಿ ಬರುವುದಿಲ್ಲ, ರಸ್ತೆಯವರೆಗೆ ಹೊರಬೇಕು. ನನ್ನ ಕೈಕೆಳಗಿನ ಆಳುಗಳು ಬಂದು ನಿಂತರು. ದಿನಾ ನನ್ನಿಂದ ಬೈಸಿಕೊಳ್ಳುವವರು.

“ಮುಟ್ಟಬ್ಯಾಡ್ರಿ. ಹೊರಾಕ ನಾ ಇನ್ನಾ ಸತ್ತಿಲ್ಲ. ನಡೀತೇನಿ” ಅಂದೆ.

ಹೆಂಡತಿ ಅತ್ತು ನರ್ಸಮ್ಮನನ್ನು ಕರೆತಂದಳು. ಅವರು ನನ್ನ ಹೆಬ್ಬೆರಳು ಒತ್ತಿ ನೋಡಿದರು, ಮುಖ ಸಣ್ಣಗಾಯಿತು. “ಈಗ ಎದ್ದು ನಿಂತ್ರ ಮತ್ತ ಎಂದೂ ನಿಲ್ಲಂಗಿಲ್ಲ ನೀ.” ಆದರೂ ನಾನು ಗೋಡೆ ಹಿಡಿದು ಏಳಲು ನೋಡಿದೆ. ಆಗ ಅವರು ನೆಲಕ್ಕೆ ಕೂತು ನನ್ನ ನಾಡಿ ಹಿಡಿದರು.

“ಗೌಂಡಿ, ಕಣ್ಣು ಮುಚ್ಚು. ಆ ಮನಿಗೆ ಹೋಗು. ಎಲ್ಲಿದಿ?”

ಮಾಳಗಿ ಹತ್ತಲು ನೋಡಿದೆ, ಆಗಲಿಲ್ಲ. ನಾನು ಕೆಳಗೆ ಇಳಿಯುತ್ತಿದ್ದೆ. ಮೇಲೆ ಒಂದು ಚೌಕ ಆಕಾಶ. ಅದರ ಅಂಚಿನಲ್ಲಿ ನಾಲ್ಕು ಮುಖ, ಹುಬ್ಬಿನ ತುಂಬ ಧೂಳು. ಆ ಮುಖಗಳಲ್ಲಿ ಅಯ್ಯೋ ಪಾಪ ಎನ್ನುವುದೇನೂ ಇರಲಿಲ್ಲ. ಹಗ್ಗ ಜಾರಬಾರದೆಂಬ ಎಚ್ಚರ ಮಾತ್ರ. ಕೆಲಸ ಬಲ್ಲವರ ಮುಖಗಳು.

“ಹಾಸಗಿ ಮ್ಯಾಲ ಅದೀನ್ರಿ” ಅಂದೆ.

“ಎತ್ರೋ” ಅಂದರು ನರ್ಸಮ್ಮ.

ಎತ್ತಿದರು. ಓಣಿಯ ತಿರುವಿನಲ್ಲಿ ಒಬ್ಬ ಗೊಣಗಿದ: “ಮೇಸ್ತ್ರಿ ಭಾಳ ಭಾರ ಅದಾರಲೇ. ಬೈಗಳ ಎಲ್ಲಾ ಹೊಟ್ಟ್ಯಾಗ ಇಟ್ಟುಕೊಂಡಾರ.” ಆ ನೋವಿನಲ್ಲೂ ನಕ್ಕೆ. ಬೀದರಿನಲ್ಲಿ ಆಪರೇಷನ್ ಆಯಿತು. ಕಾಲು ಉಳಿಯಿತು, ಜೊತೆಗೆ ಸ್ವಲ್ಪ ಕುಂಟು.

ಹೋದ ಚಳಿಗಾಲದಲ್ಲಿ ನರ್ಸಮ್ಮ ಹಾಸಿಗೆ ಹಿಡಿದರು. ಅಂಗಳದ ಬಿಸಿಲು ಬೇಕೆಂದರು. ಸೊಸೆ, ನಾನು, ನನ್ನ ಇಬ್ಬರು ಆಳುಗಳು ಮಂಚ ಎತ್ತಿ ಸೀತಾಫಲದ ಕೆಳಗೆ ಇಟ್ಟೆವು. ಈ ಸಲ ಓದಿದವನು ನಾನು, ಅಕ್ಷರ ಕೂಡಿಸಿ ಕೂಡಿಸಿ. ಅವರ ಬೆರಳು ಪುಟದ ಮೇಲಿರಲಿಲ್ಲ, ನನ್ನ ಮಣಿಕಟ್ಟಿನ ಮೇಲಿತ್ತು.

“ಎಲ್ಲಿದೀರಿ, ನರ್ಸಮ್ಮ? ಇವತ್ತರ ಹೇಳ್ರಿ.”

ಅವರು ಕಣ್ಣು ಮುಚ್ಚಿದರು. “ಇಷ್ಟು ವರ್ಷ ಆ ಮನಿ ಮೂಲ್ಯಾಗ ನಿಂತಿದ್ದೆ, ಕಸಬರಗಿ ಹಿಡಕೊಂಡು. ತೆಲಿ ಮ್ಯಾಲ ಮಣ್ಣು ಬೀಳ್ತಿತ್ತು. ಸ್ವಾಮಿ ಎದುರಿಗೇ ಕುಂತಾನ, ನನಗ ಮಾತ್ರ ಸಿಟ್ಟು, ಈ ಕಸ ಯಾರು ಗುಡಸಬೇಕಂತ.” ನಕ್ಕರು. “ದವಾಖಾನ್ಯಾಗೂ ಹಂಗೇ ಇದ್ದೆ ನೋಡು.”

“ಈಗ?”

“ಈಗ ಮ್ಯಾಲಿಂದ ಇಳ್ಯಾಕತ್ತೀನಿ. ಹಗ್ಗ ಬಿಡಬ್ಯಾಡ.”

“ಬಿಡಂಗಿಲ್ರಿ.”

ಆ ಬಿಸಿಲಲ್ಲೇ, ಕೆಲವು ದಿನಗಳ ಮೇಲೆ, ತೀರಿಕೊಂಡರು. ಪೆಟ್ಟಿಗೆ ಹೊರಲು ಕುಂಟುವವನು ಬೇಡವೆಂದರು ಸಭೆಯ ಹಿರಿಯರು. ನಾನು ಹೆಗಲು ಕೊಟ್ಟಾಗಿತ್ತು. ಉಳಿದವರೇ ನನ್ನ ಹೆಜ್ಜೆಗೆ ಹೆಜ್ಜೆ ಹಾಕಿದರು.

ಈಗಲೂ ಕೆಲಸಕ್ಕೆ ಹೊರಡುವ ಮುಂಚೆ ಕೂರುತ್ತೇನೆ. ಸಾಲಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದರೆ ಆ ಊರಿನಲ್ಲಿ ಸಂಜೆಯಾಗಿರುತ್ತದೆ. ಮಂದಿಯೆಲ್ಲ ಹೋಗಿಯಾಗಿದೆ. ಮಾಳಗಿಯ ಮೇಲೆ ನಾನೊಬ್ಬನೇ, ಮಣ್ಣು ಕಲಸಿ ಆ ಕಿಂಡಿ ಮುಚ್ಚುತ್ತಿರುತ್ತೇನೆ. ಕೊನೆಯ ಮುದ್ದೆ ಇಡುವ ಮುಂಚೆ ಕೈ ತಡೆಯುತ್ತದೆ. ಕೆಳಗೆ ಯಾರೋ ಕಸ ಗುಡಿಸುವ ಸಪ್ಪಳ. ಅದರಲ್ಲಿ ಸಿಟ್ಟಿಲ್ಲ.