ಎರಡು ಡಬ್ಬಿಗಳ ಒಂದು ವಿಮಾನ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಬಹುಮಾನ ಬಂದ ದಿನ ಜೋರು ಮಳೆಯಿತ್ತು ಎಂದು ನಾನು ಎರಡು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಮೊನ್ನೆ ಫೋನಿನಲ್ಲಿದ್ದ ಹಳೆಯ ಫೋಟೋ ತೆಗೆದು ನೋಡಿದರೆ, ಸಭಾಂಗಣದ ಮೆಟ್ಟಿಲ ಮೇಲೆ ವಿಮಾನ ಹಿಡಿದು ನಿಂತಿದ್ದೇನೆ, ಹಿಂದೆ ಚೂಪಾದ ಬಿಸಿಲಿನ ನೆರಳು. ಮಳೆಯನ್ನೇ ಹುಟ್ಟಿಸಿಕೊಂಡವಳು ಮಾತುಗಳನ್ನು ಸರಿಯಾಗಿ ನೆನಪಿಟ್ಟುಕೊಂಡಿದ್ದೇನೆಯೇ? ದಿನಚರಿ ಬರೆಯುವ ಅಭ್ಯಾಸವೇನೋ ಇದೆ. ಆದರೆ ಆ ವಾರದ ಪುಟಗಳಲ್ಲಿರುವುದು ನಾಲ್ಕೈದು ಸಾಲು. ಬೆರಳಿಗೆ ಅಂಟು ಮೆತ್ತಿದೆ, ಪೆನ್ನು ಹಿಡಿಯಲಾಗುತ್ತಿಲ್ಲ ಎಂದು ಒಂದು ಕಡೆ ಇದೆ. ಅದನ್ನಂತೂ ನಂಬಬಹುದು, ಪುಟದ ಮೇಲೆ ಅಂಟಿನ ಕಲೆಯಿದೆ.

ನಾನು ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಮನೆ ಜಂಗಮಕೋಟೆಯ ಹತ್ತಿರದ ಹಳ್ಳಿಯಲ್ಲಿ. ಅಪ್ಪ ರೇಷ್ಮೆ ಹುಳು ಸಾಕುತ್ತಾರೆ. ದೇವನಹಳ್ಳಿಗೆ ಇಳಿಯುವ ವಿಮಾನಗಳು ನಮ್ಮ ಹಿಪ್ಪುನೇರಳೆ ತೋಟದ ಮೇಲೆ ತಗ್ಗಿನಲ್ಲಿ ಹೋಗುತ್ತವೆ. ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ ಪುಟ್ಟ ವಿಮಾನ ಮಾಡುವ ಹುಚ್ಚು ನನಗೆ ಹತ್ತಿದ್ದು ಅವುಗಳಿಂದಲೋ ಅಥವಾ ವಿಶ್ವವಿದ್ಯಾಲಯದ ಹಾಸ್ಟೆಲಿನ ಗೆಳತಿಯೊಬ್ಬಳಿಂದಲೋ, ಖಚಿತವಾಗಿ ಹೇಳಲಾರೆ.

ಆ ವರ್ಷ ಬೆಂಗಳೂರಿನ ಒಂದು ಅಂಗಡಿಯಲ್ಲಿ ಮುಚ್ಚಳ ಹರಿದ ಎರಡು ಡಬ್ಬಿಗಳು ಅಗ್ಗಕ್ಕೆ ಸಿಕ್ಕವು. ಒಂದರಲ್ಲಿ ಯುದ್ಧವಿಮಾನ, ಆದರೆ ರೆಕ್ಕೆಗಳಿಲ್ಲ. ಇನ್ನೊಂದರಲ್ಲಿ ಪ್ರಯಾಣಿಕರ ವಿಮಾನ, ಅದರ ಮೈಯೇ ಸೀಳಿಹೋಗಿತ್ತು. ಅಳತೆಯೂ ಬೇರೆ ಬೇರೆ: ಮೊದಲನೆಯದು ನಿಜವಾದ ವಿಮಾನದ ಎಪ್ಪತ್ತೆರಡನೆಯ ಒಂದು ಪಾಲು, ಎರಡನೆಯದು ಅದರರ್ಧ. ಹಾಗಾಗಿಯೇ ದೊಡ್ಡ ವಿಮಾನದ ರೆಕ್ಕೆ ಚಿಕ್ಕ ವಿಮಾನದ ಮೈಗೆ ಸರಿಯಾಗಿ ಕೂತಿತು. ಎಡದ ರೆಕ್ಕೆಯನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಿಡಿದು ನೋಡಿದೆ. ಹಿಂದಕ್ಕೆ ಬಾಗಿದ್ದ ರೆಕ್ಕೆಗಳು ಮುಂದಕ್ಕೆ ಚಾಚಿಕೊಂಡವು. ಪ್ರಯಾಣಿಕರ ವಿಮಾನದ ಎರಡು ಎಂಜಿನ್‌ಗಳನ್ನು ಬೆನ್ನಿನ ಮೇಲಿಟ್ಟೆ. ಯಾವ ದೇಶದಲ್ಲೂ ಇಲ್ಲದ ಒಂದು ಜೆಟ್ ಅಡುಗೆಮನೆಯ ಮಣೆಯ ಮೇಲೆ ಕೂತಿತ್ತು.

ಇಂಥ ಹವ್ಯಾಸಿಗಳು ಬೆಂಗಳೂರಿನಲ್ಲಿ ವರ್ಷಕ್ಕೊಮ್ಮೆ ಪ್ರದರ್ಶನ ನಡೆಸುತ್ತಾರೆ. ಅದರಲ್ಲಿ ಇಲ್ಲದ ವಿಮಾನಗಳಿಗೇ ಒಂದು ವಿಭಾಗ. ಬೇರೆ ಬೇರೆ ಡಬ್ಬಿಗಳಿಂದ ಕೂಡಿಸಿದ್ದಾಗಿರಬೇಕು, ಕೂಡಿಸಿದ ಗೆರೆ ಕಾಣಬಾರದು, ನೋಡಿದವರಿಗೆ ಹಾರುತ್ತದೆ ಅನ್ನಿಸಬೇಕು. ಹೆಸರು ಕೊಟ್ಟೆ. ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ಅದೊಂದೇ, ಪ್ರದರ್ಶನದ ಭಾನುವಾರ ಆ ವಿಭಾಗದ ಮೇಜಿನ ಮೇಲೆ ನನ್ನ ವಿಮಾನ ಇರಬೇಕು.

ತೊಡಕು ಹುಳುವಿನದು. ಮನೆಯಲ್ಲಿ ಹುಳು ಇದ್ದಾಗ ನಾವು ಸೊಳ್ಳೆಬತ್ತಿ ಹಚ್ಚುವುದಿಲ್ಲ, ಊದುಬತ್ತಿ ಹಚ್ಚುವುದಿಲ್ಲ, ಸೆಂಟು ಹಾಕಿಕೊಂಡ ನೆಂಟರನ್ನು ಹುಳುಮನೆಯ ಬಾಗಿಲಲ್ಲೇ ತಡೆಯುತ್ತೇವೆ. ಘಾಟು ತಾಕಿದರೆ ಹುಳು ಸೊಪ್ಪು ತಿನ್ನುವುದನ್ನೇ ಬಿಡುತ್ತದೆ, ಆಮೇಲೆ ಬೆಳೆಯೇ ಹೋಗುತ್ತದೆ. ನಾನು ಕೆಲಸ ಮಾಡುತ್ತಿದ್ದ ಶೆಡ್ಡಿಗೂ ಹುಳುಮನೆಗೂ ನಡುವೆ ಒಂದೇ ಗೋಡೆ. ಕತ್ತರಿಸು, ಉಜ್ಜು, ಬಣ್ಣದ ಡಬ್ಬಿ ಮಾತ್ರ ಬಿಚ್ಚಬೇಡ ಎಂದು ಅಪ್ಪ ಮೊದಲ ದಿನವೇ ಹೇಳಿದ್ದರು. ಅಂಟನ್ನು ಕೂಡ ತೋಟದ ಪಂಪ್‌ಮನೆಯ ಹತ್ತಿರ ಕೂತು ಹಚ್ಚಿ, ವಾಸನೆ ಆರಿದ ಮೇಲೆ ಒಳಗೆ ತರುತ್ತಿದ್ದೆ. ನನ್ನ ಲೆಕ್ಕ ಹೀಗಿತ್ತು: ಗೂಡು ಬಿಡಿಸಿದ ಮೇಲೆ ಹುಳುಮನೆ ತೊಳೆದು ಒಂದು ವಾರ ಖಾಲಿ ಬಿಡುತ್ತಾರೆ, ಆ ವಾರದಲ್ಲಿ ಬಣ್ಣ.

ಆ ಸಲ ಮರಿಹುಳು ಬಂದದ್ದು ತಡವಾಗಿ. ಚಳಿಗೆ ಬೆಳೆದದ್ದೂ ನಿಧಾನ. ಇದರ ನಡುವೆ ಒಂದು ಬೆಳಿಗ್ಗೆ ಅಪ್ಪ ಸೊಪ್ಪಿನ ಹೊರೆ ಇಳಿಸಿ ಶೆಡ್ಡಿಗೆ ಬಂದು, ರೆಕ್ಕೆಯ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿದರು.

"ಇದು ಹಿಂದುಮುಂದಾಗೈತಲ್ಲಮ್ಮ."

"ಹಂಗೇ ಇರಬೇಕಪ್ಪ. ಬೇಕೂಂತ್ಲೇ ಮುಂದಕ್ಕೆ ತಿರುಗ್ಸಿದೀನಿ."

"ತಿರುಗ್ಸು, ಯಾರು ಬೇಡ ಅಂದ್ರು. ಕೋಳಿ ರೆಕ್ಕೆ ತಿಂತೀಯಲ್ಲ, ಮೂಳೆ ಇರೋ ದಪ್ಪನೆ ಕಡೆ ಎಲ್ಲಿರ್ತದೆ? ಮುಂದಕ್ಕೆ ತಾನೆ?"

ಅಪ್ಪ ಹೊರಟುಹೋದರು. ನಾನು ರೆಕ್ಕೆ ನೋಡುತ್ತ ಕೂತೆ. ಎಡಬಲ ಅದಲುಬದಲು ಮಾಡಿದಾಗ, ಗಾಳಿಯನ್ನು ಸೀಳಬೇಕಾದ ದಪ್ಪ ಅಂಚು ಹಿಂದಕ್ಕೆ ಹೋಗಿ, ತೆಳು ಅಂಚು ಮುಂದಕ್ಕೆ ಬಂದಿತ್ತು. ಅದೇ ತಿಂಗಳು ತರಗತಿಯಲ್ಲಿ ರೆಕ್ಕೆಯ ಆಕಾರವನ್ನು ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದೆ. ಬೋರ್ಡಿನ ಮೇಲೆ ತಿಳಿದದ್ದು ಕೈಯಲ್ಲಿದ್ದಾಗ ತಿಳಿಯಲಿಲ್ಲ. ಮುಂದಿನ ಹದಿನೈದು ದಿನ ಮರಳು ಕಾಗದ ಹಿಡಿದು ಹಿಂದಿನ ಅಂಚನ್ನು ಸವೆಸಿದೆ, ಮುಂದಿನ ಅಂಚಿಗೆ ಪುಟ್ಟಿ ಮೆತ್ತಿ ಮೆತ್ತಿ ದುಂಡಗೆ ಮಾಡಿದೆ. ರೆಕ್ಕೆ ಸರಿಯಾಯಿತು. ದಿನಗಳು ಕೈಬಿಟ್ಟುಹೋದವು.

ಪ್ರದರ್ಶನಕ್ಕೆ ಐದು ದಿನ ಇದ್ದಾಗ ವಿಮಾನವನ್ನು ಬಸ್ಸಿನಲ್ಲಿ ಕಾಲೇಜಿಗೆ ಒಯ್ದು, ತಾರಸಿಯ ಮೇಲೆ ನೀರಿನ ತೊಟ್ಟಿಯ ಮರೆಯಲ್ಲಿ ಮೊದಲ ಕೋಟು ಹೊಡೆದೆ. ಗಾಳಿಗೆ ಧೂಳೆದ್ದು ಹಸಿ ಬಣ್ಣಕ್ಕೆ ಕೂತಿತು. ಕೈಯಾಡಿಸಿದರೆ ರವೆ. ಅದನ್ನು ಉಜ್ಜಿ ತೆಗೆಯಲು ಬುಧವಾರ ಪೂರ್ತಿ ಹೋಯಿತು.

ಗುರುವಾರ ಹುಳು ಹಣ್ಣಾಯಿತು, ಅಂದರೆ ಮೇಯುವುದು ಮುಗಿಸಿ ಗೂಡು ಕಟ್ಟಲು ಸಿದ್ಧವಾಯಿತು. ಹಣ್ಣಾದ ಹುಳುಗಳನ್ನು ಆಯ್ದು ಚಂದ್ರಿಕೆಗೆ ಬಿಡಬೇಕು; ಚಂದ್ರಿಕೆ ಎಂದರೆ ಬಿದಿರಿನ ದೊಡ್ಡ ತಟ್ಟೆ, ಅದರ ಸುರುಳಿಗಳಲ್ಲಿ ಹುಳು ಗೂಡು ಕಟ್ಟುತ್ತದೆ. ಬೀದಿಯವರೆಲ್ಲ ಬಂದು ಕೈಹಾಕಿದರು, ನಾನೂ ರಜೆ ಹಾಕಿ ಕೂತೆ. ಹುಳುಮನೆ ಖಾಲಿಯಾಯಿತು, ತುಂಬಿದ ಚಂದ್ರಿಕೆಗಳನ್ನು ಎಂದಿನಂತೆ ನನ್ನ ಶೆಡ್ಡಿನ ಪಕ್ಕದ ಚಪ್ಪರದಡಿ ಸಾಲಾಗಿ ನಿಲ್ಲಿಸಿದರು. ಇನ್ನು ನಾಲ್ಕೈದು ದಿನ ಅಲ್ಲಿ ಬಣ್ಣದ ಮಾತೇ ಇಲ್ಲ, ಬಯಲಲ್ಲಿ ಹೊಡೆದರೆ ಮತ್ತೆ ಅದೇ ಧೂಳು. ಈ ವರ್ಷ ಬೇಡ ಬಿಡು ಎಂದು ಅಮ್ಮನಿಗೆ ಹೇಳಿದೆ. ವಿಮಾನ ಬರೋ ವರ್ಷಾನೂ ಇರ್ತದೆ, ಹುಳು ಕಾಯಲ್ಲ ಕಣೇ ಎಂದಳು ಅಮ್ಮ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಪ್ಪ ಅಲ್ಲೇ ಕೈ ತೊಳೆಯುತ್ತಿದ್ದರು ಎಂದು ನೆನಪು. ದಿನಚರಿಯಲ್ಲಿ ಇರುವುದು ಇಷ್ಟೇ: ಹುಳು ಹಣ್ಣಾಯಿತು, ವಿಮಾನ ಇಲ್ಲ.

ಶುಕ್ರವಾರ ಸಂಜೆ ಕಾಲೇಜಿನಿಂದ ಬಂದಾಗ ಚಪ್ಪರ ಬರಿದಾಗಿತ್ತು. ಚಂದ್ರಿಕೆಗಳೆಲ್ಲ ಬೀದಿಯ ಆ ತುದಿಯಲ್ಲಿರುವ ದೊಡ್ಡಪ್ಪನ ಮನೆಯ ಜಗಲಿಯಲ್ಲಿ ನಿಂತಿದ್ದವು. ನೂಲು ಬಿಡುತ್ತಿರುವ ಹುಳುವನ್ನು ಅಲುಗಿಸಬಾರದು. ಒಂದೊಂದು ಚಂದ್ರಿಕೆಯನ್ನು ಇಬ್ಬರು ಹಿಡಿದು, ತುಂಬಿದ ಹಾಲಿನ ಪಾತ್ರೆಯಂತೆ ನಡೆಸಿಕೊಂಡು ಹೋಗಿರಬೇಕು. ಚಪ್ಪರಕ್ಕೆ ಮಧ್ಯಾಹ್ನದ ಬಿಸಿಲು ಹೊಡೀತಿತ್ತು, ಅದಕ್ಕೇ ಸಾಗ್ಸಿದ್ರು ಎಂದಳು ಅಮ್ಮ. ಅಪ್ಪ ತೋಟದಲ್ಲಿದ್ದರು. ಶೆಡ್ಡಿನೊಳಗೆ ಯಾರೋ ನೆಲ ತೊಳೆದು ಧೂಳು ಹಾರದಂತೆ ಮಾಡಿದ್ದರು. ವಿಮಾನದ ಮೇಲೆ ಬುಟ್ಟಿ ಕವುಚಿತ್ತು.

ಬಣ್ಣ ಹಚ್ಚು ಎಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಶನಿವಾರ ಬೆಳಕು ಹರಿಯುತ್ತಲೇ ಗಾಳಿ ದೊಡ್ಡಪ್ಪನ ಮನೆಯ ಕಡೆ ಬೀಸುತ್ತಿಲ್ಲ ಎಂದು ಎರಡು ಸಲ ನೋಡಿಕೊಂಡು ಡಬ್ಬಿ ಬಿಚ್ಚಿದೆ. ಮೈಗೆ ಬೂದು, ಹೊಟ್ಟೆಗೆ ನೀಲಿ. ಒಂದು ಧೂಳಿನ ಕಣವೂ ಕೂರಲಿಲ್ಲ. ಬಣ್ಣ ಒಣಗುವಷ್ಟರಲ್ಲಿ ಹಳೆಯ ಗೂಡೊಂದನ್ನು ಬಿಸಿನೀರಿಗೆ ಹಾಕಿ ಎಳೆ ತೆಗೆದೆ. ಸಾರಿನ ಪಾತ್ರೆಯಲ್ಲಿ ಬೇಯಿಸಿದ್ದಕ್ಕೆ ಅಮ್ಮ ಬೈದಳು. ಆ ಎಳೆಯನ್ನು ಹಳೆಯ ವಿಮಾನಗಳ ರೇಡಿಯೋ ತಂತಿಯಂತೆ ಬಾಲದಿಂದ ಚಾಲಕನ ಗಾಜಿನವರೆಗೆ ಬಿಗಿದೆ. ಈ ಕಾಲದ ಜೆಟ್‌ಗಳಿಗೆ ಅಂಥ ತಂತಿ ಇರುವುದಿಲ್ಲ. ನನ್ನ ಜೆಟ್ಟಿಗೆ ಇತ್ತು.

ಭಾನುವಾರ ತೀರ್ಪುಗಾರರಾಗಿ ಬಂದವರು ಜೀವಮಾನವೆಲ್ಲ ವಿಮಾನ ರಿಪೇರಿ ಮಾಡಿ ನಿವೃತ್ತರಾದ ಹಿರಿಯರು. ಭೂತಗನ್ನಡಿ ಹಿಡಿದು ನನ್ನ ವಿಮಾನದ ಮುಂದೆ ಬಹಳ ಹೊತ್ತು ಬಗ್ಗಿ ನಿಂತರು. ರೆಕ್ಕೆ ಮೈಗೆ ಸೇರುವ ಕಡೆ ಉಗುರು ಎಳೆದರು. ಮತ್ತೆ ಎಳೆದರು.

"ರೆಕ್ಕೆ ಯಾವ ಡಬ್ಬಿದಮ್ಮ?"

ಪ್ರಯಾಣಿಕರ ವಿಮಾನದ್ದು, ಎಡಬಲ ಬದಲಾಯಿಸಿದ್ದೇನೆ ಎಂದೆ.

"ಹಾಗಾದ್ರೆ ಅಂಚು ಉಲ್ಟಾ ಇರಬೇಕಿತ್ತಲ್ಲ."

"ಉಜ್ಜಿದೆ ಸರ್. ಹದಿನೈದು ದಿನ."

ಅವರು ಮುಂದಿನ ಅಂಚು ಮುಟ್ಟಿದರು, ಹಿಂದಿನದನ್ನು ಮುಟ್ಟಿದರು, ಆಮೇಲೆ ಪಕ್ಕದ ಮೇಜಿನವರನ್ನೆಲ್ಲ ಕರೆದು, ಎಲ್ಲಿ ಕೂಡಿಸಿದ್ದಾರೆ ತೋರಿಸಿ ನೋಡೋಣ ಎಂದರು. ಯಾರಿಂದಲೂ ಆಗಲಿಲ್ಲ. ಇದು ಹಾರುತ್ತೆ ಎಂದು ಅವರು ಅಂದದ್ದು ನಿಜ. ಜೊತೆಗೆ ಬಂದಿದ್ದ ಹಾಸ್ಟೆಲಿನ ಗೆಳತಿ ಅದನ್ನು ವಿಡಿಯೋ ಮಾಡಿದ್ದಾಳೆ, ಹಾಗಾಗಿ ಇದರಲ್ಲಿ ನನ್ನ ನೆನಪಿನ ಹಂಗಿಲ್ಲ. ಆ ತಂತಿ ಯಾವ ಕಂಪನಿಯದು ಎಂದು ಮೂರು ಜನ ಕೇಳಿದರು. ನಮ್ಮ ಹುಳುವಿನದು ಎಂದೆ. ಒಬ್ಬರು ಗೂಡು ಕಳಿಸಿಕೊಡಿ ಎಂದು ವಿಳಾಸವನ್ನೇ ಬರೆದುಕೊಟ್ಟರು. ಮೊದಲ ಬಹುಮಾನ ಎಂದು ನನ್ನ ಹೆಸರು ಕೂಗಿದಾಗ ನಾನು ವೇದಿಕೆಗೆ ನಡೆಯಲಿಲ್ಲ, ಬಹುಶಃ ಓಡಿದೆ.

ವಾಪಸು ಬರುವಾಗ ವಿಮಾನ ತೊಡೆಯ ಮೇಲಿತ್ತು. ಟಿಕೆಟ್ ಹರಿಯುತ್ತಾ ಕಂಡಕ್ಟರ್, ಇದು ಯಾವ ದೇಶದ್ದು ಮೇಡಂ ಎಂದರು. ಜಂಗಮಕೋಟೆದು ಎಂದೆ. ಹಿಂದಿನ ಸೀಟಿನವರು ನಕ್ಕರು, ನಾನು ಅವರಿಗಿಂತ ಜೋರಾಗಿ ನಕ್ಕೆ. ಮನೆಯಲ್ಲಿ ಚಿಂತಾಮಣಿ ಕಡೆಯಿಂದ ಬಂದ ತೆಲುಗು ಮಾತಿನ ದೊಡ್ಡಮ್ಮ, "ನಿಜಂಗಾ ಎಗುರುತುಂದಾ?" ಎಂದು ಕೇಳಿದರೆ, ಹಾರದೆ ಏನು ಎಂದು ಅಮ್ಮನೇ ಉತ್ತರ ಕೊಟ್ಟಳು. ಬುಧವಾರ ಗೂಡು ಬಿಡಿಸಿದರು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರುಗಳು ಗೂಡನ್ನು ಒತ್ತಿ ನೋಡಿ ಗಟ್ಟಿ ಇದೆ ಎಂದರಂತೆ. ಬೆಳೆಗೂ ಏನೂ ಆಗಲಿಲ್ಲ, ವಿಮಾನವೂ ಪ್ರದರ್ಶನಕ್ಕೆ ಹೋಗಿ ಗೆದ್ದಿತು.

ಆದರೂ ಆ ಶುಕ್ರವಾರ ನನ್ನನ್ನು ಬಿಟ್ಟಿಲ್ಲ. ಪ್ರತಿ ಚಳಿಗಾಲ ಚಂದ್ರಿಕೆ ದೊಡ್ಡಪ್ಪನ ಜಗಲಿಗೇ ಹೋಗೋದು ಎನ್ನುತ್ತಾಳೆ ಅಮ್ಮ. ಅದಕ್ಕೆ ಮುಂಚೆ ಹೋದದ್ದು ನಾನು ಕಂಡಿಲ್ಲ, ಆಮೇಲೆಯೂ ಕಂಡಿಲ್ಲ. ಆದರೆ ಬಿಸಿಲಿನ ದಿನಕ್ಕೆ ಮಳೆ ಸೇರಿಸಿದವಳು ನಾನು, ನಾನು ಕಂಡಿಲ್ಲ ಎಂಬುದಕ್ಕೆ ಎಷ್ಟು ತೂಕ? ಕಳೆದ ವಾರ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಅಪ್ಪನನ್ನೇ ಕೇಳಿಬಿಟ್ಟೆ. ಅವರು ಕುಡುಗೋಲು ನಿಲ್ಲಿಸಲಿಲ್ಲ, ಸಾಲು ಮುಗಿಸಿ ಮುಂದಿನ ಸಾಲಿಗೆ ಹೋದರು. ನಾನು ಕೇಳಿದ್ದು ಇಷ್ಟು:

"ಅಪ್ಪಾ, ಆವತ್ತು ಚಂದ್ರಿಕೆ ಸಾಗ್ಸಿದ್ದು ಬಿಸಿಲಿಗಾ, ನನ್ನ ಬಣ್ಣಕ್ಕಾ?"